ಕರಿ ಕೋಟಿನವರೆಲ್ಲ ಕಂಡಕ್ಟರ್ ಅಲ್ಲ

ಕಟಕೋಳದ ಮೌಲಾಸಾಬರಿಗೆ ಬಸ್ಸು ಗೊತ್ತು, ರೈಲು ಗೊತ್ತಿಲ್ಲ. ನಮ್ಮ ರಾಮದುರ್ಗದ ಕಡೆ ರೈಲು ಬರುವುದೇ ಇಲ್ಲವಲ್ಲ, ಅದು ಅವರ ತಪ್ಪಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪುವ ಜಾಯಮಾನವೂ ಅವರದಲ್ಲ. ಹೆಂಡತಿ ಹುಸೇನಮಾ ಅವರಿಗೆ ಕಣ್ಣಿನ ಪೊರೆ. ಮರುದಿನ ಬೆಳಿಗ್ಗೆ ಮಿರಜದಲ್ಲಿ ಆಪರೇಷನ್. ಧಾರವಾಡಕ್ಕೆ ಬಂದು ಸ್ಟೇಷನ್ ಮುಟ್ಟಿದಾಗ ಟಿಕೆಟ್ ಪಾಳಿ ಬಾಗಿಲ ತನಕ ಇತ್ತು. ಸೊಸೆ ಜೀನತ್ ಪಾಳಿಗೆ ನಿಂತಳು. ಪಕ್ಕದ ಮನೆಯ ಮಹಾನಂದಾ ಹುಸೇನಮಾರ ಕೈ ಹಿಡಿದು ಕುಳಿತಳು. ಮಹಿಳಾ ಸಂಘದ ರೊಟ್ಟಿ ಮಾರಲು ಅವಳು ಆಗಾಗ ಮಿರಜಕ್ಕೆ ಹೋಗುತ್ತಾಳೆ. ಮೌಲಾಸಾಬರು ಮಾತ್ರ ಕುಂತಲ್ಲಿ ಕೂರಲಿಲ್ಲ.

“ಪಾಳಿ ಸರಿಯೂದ ಇಲ್ಲ! ಗಾಡಿ ತಪ್ಪಿದ್ರ ಆಪರೇಷನ್ನೂ ತಪ್ಪಿತು. ಏರಿ ಕುಂತಬಿಡೂನು, ಕಂಡಕ್ಟರ್ ಬಂದು ಟಿಕೆಟ್ ಹರದು ಕೊಡ್ತಾನ.”

“ಕಾಕಾ, ಇದು ಬಸ್ ಅಲ್ರಿ. ಟಿಕೆಟ್ ಇಲ್ಲದ ಏರಿದ್ರ ದಂಡ ಹಾಕ್ತಾರ,” ಎಂದಳು ಮಹಾನಂದಾ.

“ಹಂಗಾರ ಆ ಕರಿ ಕೋಟಿನವ್ರು ಯಾಕ ಅದಾರ?”

“ಟಿಕೆಟ್ ನೋಡಾಕರಿ. ಸ್ಟೇಷನ್ ಬಾಗಲದಾಗ ನೋಡಾವ್ರು ಟಿ.ಸಿ. ಓಡೂ ಗಾಡಿಯೊಳಗ ನೋಡಾವ್ರು ಟಿ.ಟಿ.ಇ. ಅವ್ರ ಮ್ಯಾಲ ಇನ್‌ಸ್ಪೆಕ್ಟರ್ ಇರ್ತಾರ. ಒಮ್ಮೊಮ್ಮೆ ನಾಕೈದು ಮಂದಿ ಕೂಡಿ ಹೇಳದ ಕೇಳದ ಬರ್ತಾರ, ಅದು ತಪಾಸಣಾ ದಳ.”

“ಎಲ್ಲಾರೂ ಒಂದ ತಗೋ,” ಎಂದು ಮೌಲಾಸಾಬರು ಮತ್ತೆ ಎದ್ದರು.

ಗಾಡಿ ಬರುತ್ತಿದೆ ಎಂದು ಮೈಕು ಕೂಗಿತು. ಆಗಲೇ ಕರಿ ಕೋಟಿನವನೊಬ್ಬ ಹತ್ತಿರ ಬಂದ.

“ಪಾಳಿ ಯಾಕ ಅಜ್ಜಾರ? ರೊಕ್ಕಾ, ಆಧಾರ ಕಾರ್ಡ್ ನನ್ನ ಕೈಯಾಗ ಕೊಡ್ರಿ. ಸೀಟು ಸಮೇತ ಟಿಕೆಟ್ ತರತೇನಿ.”

“ನೋಡಿದೇನವಾ, ಕಂಡಕ್ಟರ್ ಸಾಹೇಬ್ರ ಬಂದ್ರು!” ಆಪರೇಷನ್ನಿನ ರೊಕ್ಕದ ಚೀಲ ಆಗಲೇ ಮೌಲಾಸಾಬರ ಕೈಗೆ ಬಂದಿತ್ತು.

ಮಹಾನಂದಾ ನಡುವೆ ನಿಂತಳು. “ಸಾಹೇಬ್ರ, ನೀವು ಟಿ.ಸಿ.ನೋ, ಟಿ.ಟಿ.ಇ.ನೋ?”

“ಎರಡೂ ನಾನ!”

“ಎದಿ ಮ್ಯಾಲ ಹೆಸರಿನ ಪಟ್ಟಿ ಇಲ್ಲ. ಗುರುತಿನ ಕಾರ್ಡರ ತೋರಸ್ರಿ.”

“ಆಫೀಸಿನ್ಯಾಗ ಐತಿ, ತರತೇನಿ,” ಎಂದು ಹೋದವನು ಹೋದನೇ.

“ಬಂದ ಸೀಟು ಕಳದ್ಯಲ್ಲ!” ಎಂದು ಮೌಲಾಸಾಬರು ಕಿಡಿಕಿಡಿಯಾದರು.

“ಆ ಚೀಲ ಅವನ ಕೈಗೆ ಹೋಗಿದ್ರ, ನಾಳೆ ದವಾಖಾನ್ಯಾಗ ಏನು ಕೊಡ್ತಿದ್ರಿ ಕಾಕಾ?”

ಮೌಲಾಸಾಬರು ಚೀಲವನ್ನು ಎದೆಗವಚಿಕೊಂಡರು. ಆಗ ಅವರಿಗೆ ನಿಜಕ್ಕೂ ಭಯವಾಯಿತು.

ಜೀನತ್ ಟಿಕೆಟ್ ಹಿಡಿದು ಓಡಿಬಂದಳು, ಗಾಡಿಯೂ ಬಂತು, ನೂಕಾಡಿ ಏರಿದರು. ಅಳ್ನಾವರ ದಾಟಿದ ಮೇಲೆ ಕರಿ ಕೋಟಿನವರೊಬ್ಬರು ಟಿಕೆಟ್ ಕೇಳುತ್ತ ಬಂದರು. ಮೌಲಾಸಾಬರು ಗಡಬಡಿಸಿ ಟಿಕೆಟ್ ಚಾಚಿದರು. ಹುಸೇನಮಾ ಗಂಡನ ಕೈ ಹಿಡಿದರು.

“ತಡೀರಿ. ತಮ್ಮಾ, ಮೊದಲ ನಿನ್ನ ಕಾರ್ಡ್ ತೋರಸಪಾ.”

ಡಬ್ಬಿಯೆಲ್ಲ ನಕ್ಕಿತು. ಕೋಟಿನವರೂ ನಕ್ಕರು. “ಛಲೋ ಕೇಳಿದ್ರಿ ಅಮ್ಮಾ. ನಾನು ಟಿ.ಟಿ.ಇ.” ಎಂದು ಕಾರ್ಡು ಕೈಗೇ ಕೊಟ್ಟರು.

ಹುಸೇನಮಾ ಅದನ್ನು ಮೂಗಿನ ಹತ್ತಿರ ತಂದು ತಿರುಗಿಸಿದರು. “ನನಗ ಕಾಣವಲ್ದು. ನೀವ ನೋಡ್ರಿ.”

ಮೌಲಾಸಾಬರು ಫೋಟೋ ನೋಡಿದರು, ಮುಖ ನೋಡಿದರು. “ಹೌದು, ಇವ್ರ. ಟಿ.ಟಿ.ಇ. ಸಾಹೇಬ್ರು. ಕಂಡಕ್ಟರ್ ಅಲ್ಲ!”

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅಕ್ಕ ಅಣ್ಣಂದಿರೇ, ನಾವು ಬಸ್ಸಿನ ಮಂದಿ, ರೈಲಿನಲ್ಲಿ ಎಡವುವುದು ಸಹಜ. ಟಿಕೆಟ್ ತೆಗೆದೇ ಏರಿ. ಕೋಟು ನೋಡಿ ನಂಬಬೇಡಿ, ಗುರುತಿನ ಕಾರ್ಡು ಕೇಳಿ. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ಸಂಶಯ ಬಂದರೆ ೧೩೯ಕ್ಕೆ ಫೋನ್ ಮಾಡಿ. ಕಣ್ಣು ಕಾಣದ ಹುಸೇನಮಾ ಅಷ್ಟು ಜನರೆದುರು ನಾಚದೆ ಕೇಳಿದರು. ಕಣ್ಣಿರುವ ನಮಗೆ ಕೇಳಲು ಏನು ಅಡ್ಡಿ?