ಬಣ್ಣದ ನೀರಿನ ಪರೀಕ್ಷೆ

ಸೋಮವಾರ ಬೆಳಿಗ್ಗೆ ಎಂಟಕ್ಕೆ ರಾಜಧಾನಿ ತಿರಾನಾದ ಪ್ರಯೋಗಾಲಯದಿಂದ ಸಂದೇಶ ಬಂದಾಗ ನರ್ಸ್ ಪ್ರೆಂಡಾ ಒಲೆಗೆ ಕಟ್ಟಿಗೆ ತುರುಕುತ್ತಿದ್ದಳು. ಅವಳ ಬೆಟ್ಟದ ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಫ್ರಿಜ್ಜು, ಅವಳೊಬ್ಬಳು. ಸಾಂಕ್ರಾಮಿಕ ರೋಗ ಬಂದರೆ ದೇಶ ಸಿದ್ಧವಿದೆಯೇ ಎಂದು ಪರೀಕ್ಷೆಯಂತೆ. ಸೀಸೆಯಲ್ಲಿ ಬಣ್ಣದ ನೀರು ತುಂಬಿ, ಅದನ್ನೇ ರೋಗಿಯ ರಕ್ತವೆಂದು ತಿಳಿದು, ಸರಕಾರಿ ವಾಹನದಲ್ಲಿ ಕಳಿಸಬೇಕು. ಇಪ್ಪತ್ನಾಲ್ಕು ಗಂಟೆಯೊಳಗೆ ತಲುಪಬೇಕು.

ಹತ್ತು ನಿಮಿಷದಲ್ಲಿ ಪೇಟೆಯಿಂದ ಮೇಲಧಿಕಾರಿ ಡಾಕ್ಟರ್ ಅಗ್ರೋನ್ ಫೋನ್ ಮಾಡಿದ.

"ನಮ್ಮ ಗಾಡಿ ಕೆಟ್ಟು ಕೂತಿದೆ. ಜೆಫ್ ಕೈಲಿ ಕೊಟ್ಟು ಕಳ್ಸಿಬಿಡು. ಫಾರಂನಲ್ಲಿ ಮಾತ್ರ ಸರ್ಕಾರಿ ಗಾಡಿ ಅಂತ ಬರಿ."

"ಅದು ಸುಳ್ಳಲ್ವಾ ಡಾಕ್ಟ್ರೇ?"

"ತಡವಾಗಿ ಕೆಂಪು ಗುರುತು ಬಿದ್ರೆ ನಿನ್ನ ಆಸ್ಪತ್ರೆ ಮುಚ್ಚಿ ಪೇಟೆಗೆ ಸೇರಿಸ್ತಾರೆ. ಆಮೇಲೆ ಮನೇಲಿ ಕೂತು ಸತ್ಯಾನೇ ಬೇಯಿಸ್ಕೊಂಡು ತಿನ್ನು."

ಜೆಫ್‌ನ ವ್ಯಾನು ದಿನವೂ ತಿರಾನಾಕ್ಕೆ ಹೋಗುತ್ತದೆ. ಚೀಸು, ರಾಕಿ ಸಾರಾಯಿಯ ಬಾಟಲಿ, ಓದುವ ಮಕ್ಕಳಿಗೆ ಅಮ್ಮಂದಿರ ಬುತ್ತಿ, ಜೊತೆಗೆ ಹತ್ತೊಂಬತ್ತು ವರ್ಷದಿಂದ ಪ್ರೆಂಡಾಳ ರೋಗಿಗಳ ರಕ್ತದ ಸೀಸೆಗಳು. ಆರು ಗಂಟೆಯ ದಾರಿ. ಪುಣ್ಯಾತ್ಮ ಒಂದು ದಿನವೂ ಬೇಸರಪಟ್ಟವನಲ್ಲ. ಅವನ ಉಪಕಾರದ ಕಂಬಳಿ ಹೊದ್ದು ಸರಕಾರ ಬೆಚ್ಚಗೆ ಮಲಗಿತ್ತು.

ಅಂದೂ ಅವನೇ ಬಾಗಿಲಿಗೆ ಬಂದ. "ಎಲ್ಲಿ ತಂಗೀ ನಿನ್ನ ಶರಬತ್ತು?"

"ಇವತ್ತು ನಿನಗೆ ಕೊಡಲ್ಲ ಅಣ್ಣ."

ಜೆಫ್‌ನ ಮುಖ ಸಣ್ಣದಾಯಿತು. "ಯಾಕೆ? ಯಾವತ್ತಾದ್ರೂ ಒಡೆದು ಹಾಕಿದೀನಾ?"

"ಹೋದ ಬೇಸಿಗೇಲಿ ನೀನು ಹರ್ನಿಯಾ ಆಪರೇಶನ್ ಆಗಿ ಮಲಗಿದ್ದೆಯಲ್ಲ, ಆಗ ಮಾರಾಶನ ರಕ್ತ ಮೂರು ದಿನ ಈ ಫ್ರಿಜ್ಜಲ್ಲೇ ಇತ್ತು."

ಜೆಫ್ ಟೋಪಿ ತೆಗೆದ. ಕುರಿ ಕಾಯುವ ಮಾರಾಶನಿಗೆ ಬಂದದ್ದು ಉಣ್ಣಿ ಕಚ್ಚಿ ಬರುವ, ರೋಗಿಯ ರಕ್ತ ಸೋಂಕಿದರೂ ಹರಡುವ ಕೆಟ್ಟ ಜ್ವರ. ಪ್ರಯೋಗಾಲಯದ ಉತ್ತರ ಬರುವಷ್ಟರಲ್ಲಿ ಅವನ ಹೆಂಡತಿ ಬರಿಗೈಯಲ್ಲಿ ಅವನ ರಕ್ತ ಒರೆಸಿದ್ದಳು. ಎರಡು ವಾರದಲ್ಲಿ ಇಬ್ಬರೂ ಹೋದರು. "ಮಾಮೂಲಿ ಜ್ವರ ಇರ್ಬೇಕು" ಎಂದು ಅವಳಿಗೆ ಹೇಳಿದ್ದು ಪ್ರೆಂಡಾಳೇ. ಅದು ಈಗಲೂ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿದೆ.

"ನಿನ್ನಿಂದಾಗಿ ನಾವು ಪಾಸಾಗ್ತಾನೇ ಇದ್ರೆ ಸರ್ಕಾರಿ ಗಾಡಿ ಯಾವತ್ತೂ ರಿಪೇರಿ ಆಗಲ್ಲ ಅಣ್ಣ," ಎಂದಳು.

ಜೆಫ್ ಖಾಲಿ ಕೈಯಲ್ಲಿ ಹೋದ. ಪ್ರೆಂಡಾ ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟು ಪೇಟೆಗೆ ಫೋನ್ ಮಾಡುತ್ತಲೇ ಇದ್ದಳು. ಮಂಗಳವಾರವೂ ಗಾಡಿ ಬರಲಿಲ್ಲ. ಬುಧವಾರ ಬೆಳಕು ಹರಿಯುವ ಹೊತ್ತಿಗೆ ಬಂತು. ನೀರು ತಿರಾನಾ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಫಾರಂನಲ್ಲಿ ಅವಳು ಐವತ್ತೆರಡು ಗಂಟೆ ಎಂದೇ ಬರೆದಳು. ಇನ್ನು ಆಸ್ಪತ್ರೆ ಮುಚ್ಚಿದರೆ, ಐವತ್ತು ದಾಟಿದವಳಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಗುರುವಾರ ರಾಜಧಾನಿಯಿಂದ ಅಧಿಕಾರಿಣಿಯೊಬ್ಬಳು ಫೋನ್ ಮಾಡಿದಳು. "ಮೂವತ್ತೊಂದು ಬೆಟ್ಟದ ಆಸ್ಪತ್ರೆಗಳಲ್ಲಿ ನಿಮ್ಮದೊಂದೇ ಕೆಂಪು. ಉಳಿದವರೆಲ್ಲ ಒಂಬತ್ತು ಗಂಟೇಲಿ ಮುಟ್ಟಿಸಿದಾರೆ. ನಿಮಗೇನಾಯ್ತು?"

"ಮೇಡಂ, ಆ ಮೂವತ್ತು ಜನಕ್ಕೂ ಫೋನ್ ಮಾಡಿ ಡ್ರೈವರ್ ಹೆಸರು ಕೇಳಿ. ಅವನು ಹಾಸಿಗೆ ಹಿಡಿದ್ರೆ ಏನ್ಮಾಡ್ತೀರಿ ಅಂತಾನೂ ಕೇಳಿ."

ಆ ಕಡೆ ಹಾಳೆ ತಿರುವುವ ಸದ್ದಾಯಿತು.

ಶನಿವಾರ ಅಗ್ರೋನ್ ಫೋನಿನಲ್ಲೇ ಎಗರಾಡಿದ. "ಏನ್ ಮಾಡಿಟ್ಟೆ ಮಾರಾಯ್ತಿ! ಎಲ್ಲರನ್ನೂ ಕೂರಿಸ್ಕೊಂಡು ಡ್ರೈವರ್ ಯಾರು ಅಂತ ಕೇಳಿದಾರೆ. ಮೂವತ್ತೊಂದರಲ್ಲಿ ಇಪ್ಪತ್ತೇಳು ಈಗ ಕೆಂಪು!"

ಪ್ರೆಂಡಾ ಕುರ್ಚಿಗೆ ಒರಗಿ ಕೂತಳು. ಐದು ದಿನದಲ್ಲಿ ಮೊದಲ ಸಲ ಅವಳಿಗೆ ನಿರಾಳವೆನಿಸಿತು.

"ಇಪ್ಪತ್ತೇಳನ್ನೂ ಮುಚ್ತಾರಾ ಡಾಕ್ಟ್ರೇ, ಇಲ್ಲಾ ಗಾಡಿ ಕಳಿಸ್ತಾರಾ?"