ಗೇಟಿನ ಹತ್ತಿರದ ನೀರು

ಮೆಕ್ಯಾನಿಕ್ “ಆಫ್ ಮಾಡಿ, ಆಫ್ ಮಾಡಿ” ಎನ್ನುವಷ್ಟರಲ್ಲಿ ಮಗಳು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ್ದಳು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಡುತ್ತಿತ್ತು. ಮನೆಯಲ್ಲಿ ಅಪ್ಪನನ್ನು ನಡುಮನೆಯ ನೆಲದ ಮೇಲೆ ಮಲಗಿಸಿ ಜನ ಕಾಯುತ್ತಿದ್ದಾರೆ, ಮಧ್ಯಾಹ್ನದೊಳಗೆ ಸೋದರತ್ತೆಯನ್ನು ಕರೆದುಕೊಂಡು ಹೋಗಬೇಕು, ಅಂಥ ದಿನವೇ ಈ ಮುದಿ ಕಾರಿಗೆ ಜ್ವರ ಬರಬೇಕೆ?

ಟ್ಯಾಕ್ಸಿ ಮಾಡಿಕೊಂಡು ಹೋಗು ಎಂದು ಚಿಕ್ಕಪ್ಪ ಬೆಳಿಗ್ಗೆಯೇ ಬಡಕೊಂಡಿದ್ದರು. ಅವಳು ಕೇಳಲಿಲ್ಲ. ಅತ್ತೆ ಫೋನು ಎತ್ತುವವರಲ್ಲ. ಯಾರು ಕರೆದರೂ ಬಾಗಿಲು ತೆರೆಯುವವರೂ ಅಲ್ಲ. ಅವರು ಕಿವಿಗೊಡುವುದು ಈ ಕಾರಿನ ಸದ್ದಿಗೆ ಮಾತ್ರ. ಸಾವಿನ ಮನೆಗೆಂದು ಬಂದಿದ್ದ ಮೆಕ್ಯಾನಿಕ್, ಈ ಗಾಡಿಯ ಬುದ್ಧಿ ನನಗೆ ಗೊತ್ತು ಎಂದು ತಾನಾಗಿಯೇ ಪಕ್ಕದಲ್ಲಿ ಹತ್ತಿ ಕೂತಿದ್ದ.

ಅತ್ತೆಯ ಬೀದಿ ಮುಂದಿನ ತಿರುವಿನಲ್ಲೇ ಇತ್ತು. ಇಬ್ಬರೂ ಇಳಿದು ಕಾರನ್ನು ತಳ್ಳಿದರು. ಗೇಟು ಮುಟ್ಟುವಾಗ ಇಬ್ಬರಿಗೂ ಏದುಸಿರು.

ಗೇಟಿನ ಒಳಗೆ, ಕಂಬಕ್ಕೆ ಒತ್ತಿ, ತಟ್ಟೆ ಮುಚ್ಚಿದ ಬಕೆಟ್ ಇತ್ತು. ಅದರ ತುಂಬ ನೀರು. ಇವತ್ತು ಶನಿವಾರ ಎಂಬುದು ಅವಳಿಗೆ ಆಗ ನೆನಪಾಯಿತು.

*

ಅಜ್ಜಿ ತೀರಿಕೊಂಡಾಗ ಅತ್ತೆ ದಾರಿಯಲ್ಲಿದ್ದರು. ಇನ್ನೆಷ್ಟು ಹೊತ್ತು ಕಾಯೋದು ಎಂದು ನೆಂಟರು ಗೊಣಗಿದರು. ಅಪ್ಪ ಮೊದಲೇ ನಾಲ್ಕು ಜನರ ಮಾತಿಗೆ ತಲೆಯಾಡಿಸುವ ಪ್ರಾಣಿ. “ಎತ್ತಿ” ಅಂದುಬಿಟ್ಟರು. ಎಲ್ಲ ಮುಗಿಸಿ ಜನ ವಾಪಸ್ಸು ಬರುವಾಗ ಅತ್ತೆ ಬ್ಯಾಗು ಹಿಡಿದು ಗೇಟಿನಲ್ಲಿ ನಿಂತಿದ್ದರು.

“ಅಮ್ಮನ ಮುಖ ನೋಡೋಕೆ ಬಿಡ್ಲಿಲ್ವಲ್ಲೋ,” ಎಂದರು ತಮ್ಮನಿಗೆ. “ನೀನಿರೋ ತನಕ ಈ ಹೊಸ್ತಿಲು ತುಳಿಯಲ್ಲ ನಾನು. ನೀನೂ ನನ್ನ ಹೊಸ್ತಿಲು ತುಳೀಬೇಡ.”

ಅಪ್ಪ ತುಳಿಯಲಿಲ್ಲ. ಆದರೆ ಒಂದು ಶನಿವಾರ ಅವರ ಕಾರು ಸರಿಯಾಗಿ ಅಕ್ಕನ ಗೇಟಿನೆದುರೇ ಕೆಟ್ಟು ನಿಂತಿತು. ಕೆಳಗೆ ತೊಟತೊಟ ನೀರು. ಗೇಟಿಗೆ ಹೊಸ್ತಿಲಿಲ್ಲವಲ್ಲ! “ನೀರಿದ್ಯಾ ಅಕ್ಕಾ?” ಎಂದು ಕೂಗಿದರು. ಬಾಯಾರಿದವರಿಗೆ, ಕಾರೇ ಆಗಲಿ, ಇಲ್ಲವೆನ್ನಲು ಆಗುತ್ತದೆಯೇ? ಅತ್ತೆ ಬಕೆಟ್ ತಂದಿಟ್ಟು ಒಳಗೆ ಹೋದರು. ಇಂಜಿನ್ ತಣ್ಣಗಾಗಲಿ ಎಂದು ಅಪ್ಪ ಅರ್ಧ ತಾಸು ಕಟ್ಟೆಯ ಮೇಲೆ ಕೂತಿದ್ದರು. ಮುಂದಿನ ಶನಿವಾರ ಮತ್ತೆ ಕೆಟ್ಟಿತು. ಕಡೆಕಡೆಗೆ ಬಕೆಟ್ ಮೊದಲೇ ತುಂಬಿ ಕಾಯುತ್ತಿತ್ತು. ಅಕ್ಕತಮ್ಮಂದಿರ ನಡುವೆ ಉಳಿದದ್ದು ಎರಡೇ ಮಾತು. ನೀರಿದ್ಯಾ ಅಕ್ಕಾ. ಬಕೆಟ್ಟಲ್ಲಿದೆ.

*

ಇವತ್ತು ಯಾರೂ ನೀರು ಕೇಳಲಿಲ್ಲ. ಕಿಟಕಿ ತೆರೆಯಿತು, ಮುಚ್ಚಿತು. ಆಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಗೇಟಿನ ತನಕ ಬಂದು ಅವಳ ಹಿಂದೆ, ಕಾರಿನೊಳಗೆ, ಹುಡುಕಿದರು.

“ಅವನೆಲ್ಲಿ?”

“ಅಪ್ಪ ಹೋಗ್ಬಿಟ್ರು ಅತ್ತೆ. ನಿನ್ನೆ ರಾತ್ರಿ.”

ಅತ್ತೆ ಬಕೆಟ್ಟಿನ ಕಡೆ ತಿರುಗಿದರು.

“ನೀರು ತುಂಬಿಟ್ಟಿದ್ದೆ,” ಎಂದರು.

ಕಣ್ಣು ಎಲ್ಲಿಡಬೇಕೆಂದು ತೋಚದೆ ಮೆಕ್ಯಾನಿಕ್ ಬಾನೆಟ್ಟಿನೊಳಗೆ ಇಟ್ಟ. ಆ ಕಾರು ಅವನ ಮಾನ ಕಳೆದಿತ್ತು. ಸರ್ವೀಸಿನಲ್ಲಿ ಇಂಜಿನ್ ತಣಿಸುವ ಹಸಿರು ಕೂಲೆಂಟ್ ತುಂಬಿ ಕಳಿಸಿದರೆ ಮುಂದಿನ ಸಲ ಒಳಗೆ ಬರೀ ನೀರು. ಅಂದರೆ ಎಲ್ಲೋ ಸೋರುತ್ತಿದೆ. ಗಾಳಿಯೊತ್ತಿ ನೋಡಿದ, ಪೈಪು ಬದಲಿಸಿದ, ರಾತ್ರಿಯಿಡೀ ಅಡಿಯಲ್ಲಿ ರಟ್ಟು ಹಾಸಿಟ್ಟ. ರಟ್ಟು ಒಣಗಿ ಗರಿಗರಿ. ನಿಮ್ಮ ಗಾಡಿ ನನ್ನ ಹತ್ತಿರ ಬಂದರೆ ಮಹಾ ಸಂಭಾವಿತ ಸಾರ್ ಎಂದು ಗೋಳಾಡಿದರೆ, ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಅಪ್ಪ ತಮ್ಮ ಕನ್ನಡಕ ಒರೆಸಿಕೊಳ್ಳುತ್ತಾ, ಹಳೇ ಗಾಡಿ, ಇರಲಿ ಬಿಡಪ್ಪ ಎಂದು ನಗುತ್ತಿದ್ದರು.

ಈಗ ಕೆಳಗಿನ ಪೈಪಿನ ಬಾಯಿಂದ ಹನಿ ಬೀಳುತ್ತಿತ್ತು. ಅದನ್ನು ಬಿಗಿಹಿಡಿಯುವ ಕ್ಲಾಂಪಿನ ಸ್ಕ್ರೂ ಸಡಿಲವಾಗಿತ್ತು. ಅವನು ಟಾರ್ಚ್ ಬಿಟ್ಟು ನೋಡಿದ. ಕ್ಲಾಂಪಿಗೆಲ್ಲ ತುಕ್ಕು. ಸ್ಕ್ರೂ ತಲೆ ಮಾತ್ರ ಪಳಪಳ.

“ಇದು ತಾನಾಗೇ ಸಡಿಲ ಆಗಿದ್ದಲ್ಲಮ್ಮಾ,” ಎಂದ ಮೆಲ್ಲಗೆ. “ವಾರ ವಾರ ಯಾರೋ ಬಿಚ್ಚಿದ್ದಾರೆ, ಆಮೇಲೆ ಬಿಗಿ ಮಾಡಿದ್ದಾರೆ.”

ಮಗಳು ಡ್ಯಾಶ್‌ಬೋರ್ಡಿನ ಖಾನೆ ತೆರೆದಳು. ಅಪ್ಪನ ಅಂಗಡಿಯ ಸ್ಕ್ರೂಡ್ರೈವರ್ ಒಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಮಲಗಿತ್ತು. ಜೀವಮಾನವಿಡೀ ಊರವರ ಕನ್ನಡಕದ ಸ್ಕ್ರೂ ಬಿಗಿ ಮಾಡಿದ ಮನುಷ್ಯ, ಬೀದಿಯ ತಿರುವಿನಲ್ಲಿ ಇಳಿದು ತನ್ನ ಕಾರಿನದ್ದನ್ನು ಸಡಿಲ ಮಾಡಿಕೊಳ್ಳುತ್ತಿದ್ದರು. ಕಳೆದ ಶನಿವಾರ ಎದೆ ಹಿಡಿದುಕೊಂಡು ಮನೆಗೆ ಬಂದವರು ಆಸ್ಪತ್ರೆಗೆ ಹೋದದ್ದೇ ಕೊನೆ. ಬಿಗಿ ಮಾಡುವುದು ಮರೆತೇಹೋಗಿತ್ತು. ವಾರವೆಲ್ಲ ಹನಿಹನಿಯಾಗಿ ನೀರು ಹೋಗಿ, ಕಾರು ಇವತ್ತು ಅಕ್ಕ ಬರುವ ದಾರಿಗೇ ಅಡ್ಡ ನಿಂತಿತ್ತು.

“ಅತ್ತೆ, ಅಪ್ಪನೇ…”

“ಗೊತ್ತು,” ಎಂದರು ಅತ್ತೆ.

ಫೋನು ಬಡಿದುಕೊಂಡಿತು. ಚಿಕ್ಕಪ್ಪ. ಜನ ಬಿಸಿಲಲ್ಲಿ ನಿಂತಿದ್ದಾರೆ, ಇನ್ನು ಎತ್ತೋಣ ಎಂಬುದು ಅವರ ಮಾತಿನ ಸಾರ. ಅವಳು ಮಾತು ಮುಗಿಯಲು ಬಿಡಲಿಲ್ಲ.

“ಅಜ್ಜಿಗೆ ಮಾಡಿದ್ದು ಸಾಕು ಚಿಕ್ಕಪ್ಪ. ಅತ್ತೆ ಬರೋ ತನಕ ಅಪ್ಪನ್ನ ಯಾರೂ ಮುಟ್ಟಬೇಡಿ.”

ಬೇರೆ ಗಾಡಿ ಕರೆಸಲೇ ಎಂದು ಕೇಳಿದ್ದಕ್ಕೆ ಅತ್ತೆ ಬೇಡವೆಂದು ತಲೆಯಾಡಿಸಿ, ಹಿಂದಿನ ಬಾಗಿಲು ತೆಗೆದು ಕೂತುಬಿಟ್ಟರು. ಇದರಲ್ಲೇ ಬರುತ್ತೇನೆ ಎಂದರು. ಮೆಕ್ಯಾನಿಕ್ ಸ್ಕ್ರೂ ಬಿಗಿ ಮಾಡಿದ. ಇಂಜಿನ್ ಆರಲು ಬಿಟ್ಟು, ದಪ್ಪ ಗೋಣಿಬಟ್ಟೆ ಒದ್ದೆ ಮಾಡಿ ರೇಡಿಯೇಟರಿನ ಮುಚ್ಚಳಕ್ಕೆ ಸುತ್ತಿ, ಮುಖ ಆಚೆ ತಿರುಗಿಸಿ ತಿರುವಿದ. ಅಷ್ಟಾದರೂ ಹಬೆ ಚಿಮ್ಮಿ ಮಣಿಕಟ್ಟು ಚುರುಕ್ಕೆಂದಿತು. ಅವನು ಕೈ ಕೊಡವಿಕೊಂಡು ಬಕೆಟ್ಟಿನ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ದ.

ಅತ್ತೆ ಅವನ ಕೈಯನ್ನೇ ನೋಡುತ್ತಿದ್ದರು.

*

ಕಿಟಕಿಯ ಹಿಂದಿನಿಂದ ಅವರು ನೋಡುತ್ತಿದ್ದದ್ದು ಬೇರೆಯೇ. ತಮ್ಮ ಬಂದಿಳಿದವನೇ ಬಾನೆಟ್ ಎತ್ತಿ, ಅಯ್ಯೋ ಕುದಿಯುತ್ತಿದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಆ ಮುಚ್ಚಳವನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದಂತೆ ಬರಿಗೈಯಲ್ಲಿ ತೆಗೆಯುತ್ತಿದ್ದ. ಎಷ್ಟೋ ಸಲ ತುಂಬಿದ ರೇಡಿಯೇಟರಿಗೇ ನೀರು ಹೊಯ್ದು ಚಪ್ಪಲಿ ನೆನೆಸಿಕೊಂಡಿದ್ದ. ಅತ್ತೆ ಸೆರಗು ಬಾಯಿಗೊತ್ತಿ ನಕ್ಕಿದ್ದರು. ಆಮೇಲೆ ಅಲ್ಲೇ ಅತ್ತಿದ್ದರು. ಬಾ ಒಳಗೆ ಎನ್ನಬೇಕೆಂದು ಪ್ರತಿ ಶನಿವಾರ ಬಾಗಿಲ ತನಕ ಬಂದು, ಮುಂದಿನ ವಾರ ಅನ್ನೋಣ ಎಂದುಕೊಂಡು ಹಿಂದಕ್ಕೆ ಹೋಗಿದ್ದರು.

*

ಕಾರು ಮನೆಯ ಮುಂದೆ ನಿಂತಾಗ ಜನ ಎದ್ದು ದಾರಿ ಬಿಟ್ಟರು. ಅತ್ತೆ ಹೊಸ್ತಿಲ ಹತ್ತಿರ ತಡೆದು ನಿಂತರು. ಮಗಳು ತೋಳು ಹಿಡಿದಳು.

“ನೀನಿರೋ ತನಕ ಅಂದಿದ್ದೆ ಅವನಿಗೆ,” ಎಂದರು ಅತ್ತೆ. “ಈಗ ಬರಬಹುದಲ್ಲ.”

ದಾಟಿ ಒಳಗೆ ಹೋದರು. ತಮ್ಮನ ಪಕ್ಕ ನೆಲದ ಮೇಲೆ ಕೂತು ಮುಖ ನೋಡಿದರು. ಅವಸರ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಚಿಕ್ಕಪ್ಪ ಕೂಡ ಬಾಗಿಲಾಚೆ ತಲೆ ತಗ್ಗಿಸಿ ನಿಂತಿದ್ದರು.

ಆಮೇಲೆ ಅತ್ತೆ ಬಟ್ಟೆ ಸರಿಸಿ ತಮ್ಮನ ಬಲಗೈ ಎತ್ತಿಕೊಂಡರು. ಬೆರಳು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು.

“ನೋಡು,” ಎಂದರು ಮಗಳಿಗೆ. “ಒಂದು ಬೊಬ್ಬೆನೂ ಇಲ್ಲ. ಸುಳ್ಳ.”

ನುಣುಪಾದ ಆ ಅಂಗೈಯನ್ನು ಎರಡೂ ಕೈಗಳ ನಡುವೆ ಇಟ್ಟುಕೊಂಡು, ಉಜ್ಜಿ ಉಜ್ಜಿ ಬೆಚ್ಚಗೆ ಮಾಡತೊಡಗಿದರು.