ಒಂದೇ ಹಗ್ಗದ ಎರಡು ಪಾಲು

ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ನನ್ನನ್ನು ಬೈಯುತ್ತಿದ್ದಳು. ಆವತ್ತು ಆ ಕೋಪವೆಲ್ಲ ಲೆಕ್ಕದ ಪುಸ್ತಕದ ಮೇಲಿತ್ತು. ಅರವತ್ತೆಂಟನೇ ಇಸವಿ, ಅನುಗೊಂಡನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ನಾನು ಏಳನೇ ಕ್ಲಾಸು. ಎರಡು ಹೊಲ, ಎರಡರ ಸುತ್ತಳತೆಯೂ ನಲವತ್ತು ಗಜವೇ. ಒಂದು ಹತ್ತು ಗಜದ ಚೌಕ, ಇನ್ನೊಂದು ಹದಿನೆಂಟು ಗಜ ಉದ್ದ, ಎರಡು ಗಜ ಅಗಲ. ವಿಸ್ತೀರ್ಣ ಎಷ್ಟು? ಸುತ್ತಳತೆ ಒಂದೇ ಅಂದಮೇಲೆ ಹೊಲವೂ ಒಂದೇ ತಾನೆ, ಇದೂ ಒಂದು ಲೆಕ್ಕವೇ ಎಂದು ಗೊಣಗುತ್ತಲೇ ಗುಣಿಸಿದೆ. ಚೌಕಕ್ಕೆ ನೂರು ಬಂತು. ಉದ್ದನೆಯದಕ್ಕೆ ಮೂವತ್ತಾರು! ಮತ್ತೆ ಗುಣಿಸಿದೆ. ಮೂವತ್ತಾರೇ. ಪುಸ್ತಕ ಎಸೆದು ಎದ್ದೆ.

ಯಾಕೆಂದರೆ ಆವತ್ತೇ ನಮಗೂ ದೊಡ್ಡಪ್ಪನಿಗೂ ಮನೆತನದ ಬೀಳುನೆಲ ಪಾಲಾಗುತ್ತಿತ್ತು. ಮುಳ್ಳು ಕಡಿದು ಆಗಷ್ಟೇ ಹಸನು ಮಾಡಿದ್ದ ನೆಲ. ಊರಿನ ಪದ್ಧತಿಯಂತೆ ಯಜಮಾನ ಆದಿನಾರಾಯಣಪ್ಪನವರು ಎರಡೂ ಪಾಲಿಗೆ ಒಂದೇ ಹಗ್ಗ ಸುತ್ತಿ ಸಮ ಮಾಡಿದ್ದರು. ಕಿರಿಯರಿಗೆ ಮೊದಲ ಆಯ್ಕೆ. ಅಪ್ಪ ತೀರಿಕೊಂಡಿದ್ದರಿಂದ ಅಮ್ಮನೇ ಆರಿಸಿದ್ದಳು, ಬಾವಿಗೆ ಹತ್ತಿರವೆಂದು ಚೌಕ ಬಿಟ್ಟು ಉದ್ದನೆಯ ಪಟ್ಟೆಯನ್ನೇ! ನಮಗೆ ಬೇರೆ ನೆಲವಿರಲಿಲ್ಲ. ಎಲ್ಲೆಗಲ್ಲು ನೆಟ್ಟರೆ ಮುಗಿಯಿತು, ನಮ್ಮಲ್ಲಿ ನೆಟ್ಟ ಕಲ್ಲನ್ನು ಯಾರೂ ಕೀಳುವುದಿಲ್ಲ.

ಓಡಿದೆ.

"ಕಲ್ಲು ನೆಡ್ಬೇಡಿ ತಾತಾ!" ಎಂದು ಯಜಮಾನರಿಗೆ ಕೂಗಿದೆ.

"ಏನೇ ನಿಂದು ಗಲಾಟೆ?" ಅಮ್ಮ ಗದರಿದಳು.

"ಹಗ್ಗ ಸಮ ಇದ್ರೂ ನೆಲ ಸಮ ಇಲ್ಲಮ್ಮ!"

ದೊಡ್ಡಪ್ಪ ಅಪ್ಪಯ್ಯಣ್ಣ ಜೋರಾಗಿ ನಕ್ಕರು. "ಎರಡಕ್ಷರ ಕಲ್ತ್ಬುಟ್ಟು ಯಜಮಾನ್ರಿಗೇ ಪಾಠ ಹೇಳ್ತೀಯೇನೇ?"

ನನಗೆ ಮೈಯೆಲ್ಲ ಉರಿಯಿತು. ಆಟದ ಹುಣಸೆ ಬೀಜಗಳನ್ನು ಮಡಿಲಲ್ಲೇ ಕಟ್ಟಿಕೊಂಡಿದ್ದೆ. ಒಂದು ದಾರದ ತುದಿಗಳನ್ನು ಗಂಟು ಹಾಕಿ, ನಾಲ್ಕು ಕಡ್ಡಿ ನೆಟ್ಟು ಚೌಕ ಮಾಡಿ, ಒಳಗೆಲ್ಲ ಬೀಜ ಒತ್ತೊತ್ತಾಗಿ ಹರಡಿದೆ. ಆಮೇಲೆ ಅದೇ ದಾರವನ್ನು ಪಟ್ಟೆಯ ಹಾಗೆ ಎಳೆದು ನೆಟ್ಟು, ಅವೇ ಬೀಜಗಳನ್ನು ತುಂಬಿದೆ. ಅರ್ಧವೂ ಹಿಡಿಯಲಿಲ್ಲ. ಉಳಿದವು ನನ್ನ ಬೊಗಸೆಯಲ್ಲೇ ಇದ್ದವು.

ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತೇಬಿಟ್ಟಳು. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. "ತಾಯಾಣೆಗೂ ನಂಗೆ ಗೊತ್ತಿರ್ಲಿಲ್ಲ ಬೈರಮ್ಮ. ಕಲ್ಲು ಬ್ಯಾಡ, ಮತ್ತೆ ಅಳೆಯಾನ," ಎಂದು ಅಮ್ಮನಿಗೆ ಹೇಳಿದರು. ಸುಳ್ಳಲ್ಲವೆಂದು ಅವರ ದನಿಯೇ ಹೇಳುತ್ತಿತ್ತು.

ಆದಿನಾರಾಯಣಪ್ಪನವರು ಮಾತ್ರ ಆ ಬೀಜಗಳನ್ನೇ ನೋಡುತ್ತಿದ್ದರು. ಊರಿನ ಪ್ರತಿಯೊಂದು ಪಾಲಿಗೂ ಹಗ್ಗ ಹಿಡಿದವರು ಅವರೇ. ಬೆಳೆ ಕಡಿಮೆ ಬಂತೆಂದು ಅತ್ತವರಿಗೆ, ಮಣ್ಣಿನ ಗುಣ ಕಣಪ್ಪ ಎಂದು ಸಮಾಧಾನ ಹೇಳಿ ಕಳಿಸಿದವರೂ ಅವರೇ. ಹೆಗಲ ಮೇಲಿನ ಹಗ್ಗ ಜಾರಿ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ.

"ಅಯ್ಯೋ ಶಿವನೇ," ಎಂದರು, "ಎಷ್ಟು ಜನದ ಬಾಯಿಗೆ ಮಣ್ಣು ಹಾಕ್ಬುಟ್ನಲ್ಲಪ್ಪಾ!"